ಗೇಟಿನ ಒಳಗೆ, ಗೇಟಿನ ಹೊರಗೆ: ಕಾಳಿ ಸೀಮೆಯ ದುಡಿಮೆ ಮತ್ತು ಸುರಕ್ಷತೆಯ ನಿಯಮ



ದುಡಿಯುವ ಜಾಗದಲ್ಲಿ ಕೈಕಾಲು ಕಳೆದುಕೊಳ್ಳದಂತೆ, ಕಾಯಿಲೆ ಅಂಟಿಸಿಕೊಳ್ಳದಂತೆ ಕಾಯುವ ನಿಯಮಗಳನ್ನು ನಾವು ಹೇಗೆ ಕಂಡಿದ್ದೇವೆ, ಆ ನೋಟ ಏಳೆಂಟು ದಶಕಗಳಲ್ಲಿ ಹೇಗೆ ಬದಲಾಗಿದೆ ಎಂಬುದು ಈ ದಿನದ ವಿಷಯ. ಇದನ್ನು ಬೆಂಗಳೂರಿನ ಪೀಣ್ಯದಲ್ಲಿ ನಿಂತು ನೋಡಬಹುದಿತ್ತು. ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಇರುವಷ್ಟು ಬಗೆಯ ದುಡಿಮೆ ಒಂದೇ ಕಡೆ ಸಿಗುವುದು ಅಪರೂಪ. ಕಾಗದದ ಗಿರಣಿ, ಪ್ಲೈವುಡ್, ನಾಟಾ ಡಿಪೋ, ಮ್ಯಾಂಗನೀಸ್ ಗಣಿ, ಅಣೆಕಟ್ಟು, ವಿದ್ಯುದಾಗಾರ, ಸಕ್ಕರೆ ಕಾರ್ಖಾನೆ, ಕಬ್ಬಿನ ಗದ್ದೆ, ಮೆಕ್ಕೆಜೋಳದ ಹೊಲ, ಈಚೆಗೆ ರಾಫ್ಟಿಂಗ್ ಮತ್ತು ಹೋಮ್‌ಸ್ಟೇ ಎಲ್ಲವೂ ಒಂದಲ್ಲ ಒಂದು ಕಾಲದಲ್ಲಿ ಒಂದೇ ಜಿಲ್ಲೆಯ ಒಂದು ಮಗ್ಗುಲಲ್ಲಿ ನಡೆದಿವೆ. ಇವನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಸ್ಪಷ್ಟವಾಗಿ ಕಾಣುವುದು ಒಂದು ಸಂಗತಿ. ನಿಯಮದ ಬಗ್ಗೆ ಜನರ ಗೌರವ ಹೆಚ್ಚಿದ್ದು ಉಪದೇಶದಿಂದಲ್ಲ, ಭಿತ್ತಿಪತ್ರಗಳಿಂದಲೂ ಅಲ್ಲ. ಎಲ್ಲಿ ಗಾಯವನ್ನೂ ರೋಗವನ್ನೂ ಎಣಿಸಿ, ಅದಕ್ಕೆ ಹೊಣೆಗಾರ ಇಂಥವರೆಂದು ಬರೆದಿಡಲಾಯಿತೋ ಅಲ್ಲಿ ನಿಯಮಕ್ಕೆ ಬೆಲೆ ಬಂತು. ಎಲ್ಲಿ ಎಣಿಸಲಿಲ್ಲವೋ ಅಲ್ಲಿ ಇಂದಿಗೂ 1940ರ ದಶಕದ ಮನೋಭಾವವೇ ನಡೆದುಕೊಂಡು ಬಂದಿದೆ.

ಆ ಹಳೆಯ ಮನೋಭಾವ ಯಾವುದು? ಅಪಘಾತವೆಂದರೆ ಹಣೆಬರಹ. ದಾಂಡೇಲಿಗೆ ಯಂತ್ರಗಳು ಬರುವ ಮೊದಲೂ ಇಲ್ಲಿ ಅಪಾಯದ ದುಡಿಮೆ ಇತ್ತು. ಕಾಡಿನಲ್ಲಿ ಸಾಗುವಾನಿ ಕಡಿದು, ಆನೆಗಳಿಂದ ಎಳೆಸಿ, ಡಿಪೋಗೆ ಸಾಗಿಸುವ ಕೆಲಸದಲ್ಲಿ ಮರ ಬೀಳುವ ದಿಕ್ಕು ತಪ್ಪಿದರೆ ಆಳು ಉಳಿಯುತ್ತಿರಲಿಲ್ಲ. 1940ರ ದಶಕದಲ್ಲಿ ಪ್ಲೈವುಡ್ ಕಾರ್ಖಾನೆ ಬಂತು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಲ್ಲಿ ಕಾಗದ ತಯಾರಿಸತೊಡಗಿತು. ಜೋಯಿಡಾ ಕಡೆಯ ಅದಿರನ್ನು ನೆಚ್ಚಿ ಫೆರೋ ಮ್ಯಾಂಗನೀಸ್ ಕುಲುಮೆಯೂ ಎದ್ದಿತು. ಕಾಡಿನ ಕೆಲಸದಿಂದ ಬಂದವರು, ಘಟ್ಟದ ಮೇಲಿನ ಒಕ್ಕಲು ಮಕ್ಕಳು, ಕೇರಳ, ಆಂಧ್ರ, ರಾಜಸ್ಥಾನ, ಮಹಾರಾಷ್ಟ್ರಗಳಿಂದ ಬಂದವರು ಎಲ್ಲರೂ ತಿರುಗುವ ಚಕ್ರದ ಮುಂದೆ ನಿಂತರು. ಮರ ಬಿದ್ದು ಸತ್ತವನ ಬಗ್ಗೆ ಇದ್ದ ತಿಳಿವಳಿಕೆಯೇ ಬೆಲ್ಟಿಗೆ ಸಿಕ್ಕಿ ಸತ್ತವನಿಗೂ ಅನ್ವಯವಾಯಿತು: ಅವನ ಆಯುಷ್ಯ ಅಷ್ಟೇ ಇತ್ತು.

ಕಾನೂನು ಆಗಲೇ ಬೇರೆ ಮಾತಾಡುತ್ತಿತ್ತು ಎಂಬುದನ್ನು ಮರೆಯಬಾರದು. 1 ಏಪ್ರಿಲ್ 1949ರಂದು ಜಾರಿಗೆ ಬಂದ 1948ರ ಕಾರ್ಖಾನೆಗಳ ಕಾಯ್ದೆ ಯಂತ್ರಗಳಿಗೆ ಕಡ್ಡಾಯವಾಗಿ ಬೇಲಿ ಇರಬೇಕೆಂದಿತು, ಓಡುತ್ತಿರುವ ಯಂತ್ರದ ಬಳಿ ತರಬೇತಾದವರೇ ಮೈಗೆ ಬಿಗಿಯಾದ ಬಟ್ಟೆ ತೊಟ್ಟು ಕೆಲಸ ಮಾಡಬೇಕೆಂದಿತು, ವಿಷಾನಿಲ ತುಂಬಿರಬಹುದಾದ ತೊಟ್ಟಿಯೊಳಗೆ ಪರೀಕ್ಷಿಸಿ ಬರಹದಲ್ಲಿ ಕೊಟ್ಟ ಪ್ರಮಾಣಪತ್ರವಿಲ್ಲದೆ, ಇಲ್ಲವೇ ಉಸಿರಾಟದ ಸಾಧನ ಮತ್ತು ಹಗ್ಗ ಕಟ್ಟಿದ ಬೆಲ್ಟು ಇಲ್ಲದೆ ಯಾರನ್ನೂ ಇಳಿಸಬಾರದೆಂದಿತು. ಆದರೆ ಇವನ್ನು ಮೀರಿದವರಿಗೆ ಇದ್ದ ಶಿಕ್ಷೆ ಹೆಚ್ಚೆಂದರೆ ಮೂರು ತಿಂಗಳ ಸಜೆ ಅಥವಾ 500 ರೂಪಾಯಿ ದಂಡ. ಯಂತ್ರಕ್ಕೆ ಬೇಲಿ ಹಾಕಿಸುವ ಖರ್ಚಿಗಿಂತ ದಂಡ ಕಟ್ಟುವುದೇ ಅಗ್ಗವಾಗುವ ಕಾಲ. 1 ನವೆಂಬರ್ 1956ರವರೆಗೆ ಈ ತಾಲ್ಲೂಕುಗಳು ಮುಂಬಯಿ ರಾಜ್ಯದಲ್ಲಿದ್ದವು, ಆಮೇಲೆ ಮೈಸೂರು ರಾಜ್ಯಕ್ಕೆ ಬಂದವು. ಆಡಳಿತ ಬದಲಾದರೂ ಕಾಡಿನ ಮಧ್ಯದ ಕಾರ್ಖಾನೆ ದೂರದ ಕಚೇರಿಯ ಕಣ್ಣಿಗೆ ದೂರವೇ ಉಳಿಯಿತು. ಕಾಯ್ದೆ ಪುಸ್ತಕದಲ್ಲಿತ್ತು, ಹಣೆಬರಹ ಜನರ ಮನಸ್ಸಿನಲ್ಲಿತ್ತು. ಎರಡೂ ಒಂದನ್ನೊಂದು ಮುಟ್ಟದೆ ಬಹಳ ವರ್ಷ ಬಾಳಿದವು.

ಸೂಪಾ ಅಣೆಕಟ್ಟನ್ನು ಈ ದೃಷ್ಟಿಯಿಂದ ಒಮ್ಮೆ ನೋಡಬೇಕು. 1970ರ ದಶಕದಲ್ಲಿ ಶುರುವಾಗಿ 1987ರಲ್ಲಿ ಮುಗಿದ, 101 ಮೀಟರ್ ಎತ್ತರದ ಆ ಕಾಂಕ್ರೀಟ್ ಗೋಡೆಗಾಗಿ ಸೂಪಾ ಊರೇ ಮುಳುಗಿತು, ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಬಂತು. ಮುಳುಗಡೆಯ ಕಥೆಯನ್ನು ನಾವು ಸಾಕಷ್ಟು ಹೇಳಿಕೊಂಡಿದ್ದೇವೆ, ಹೇಳಿಕೊಳ್ಳಲೇಬೇಕು. ಕಟ್ಟಿದವರ ಕಥೆಯನ್ನು ಹೇಳಿಲ್ಲ. ಆ ಗೋಡೆ ಏಳುತ್ತಿದ್ದಾಗ ಕಟ್ಟಡ ಕಾರ್ಮಿಕರ ಸುರಕ್ಷತೆಗೆಂದೇ ಇಡೀ ದೇಶಕ್ಕೆ ಅನ್ವಯಿಸುವ ಒಂದು ಕಾನೂನೂ ಇರಲಿಲ್ಲ. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆ ಬಂದದ್ದು 1996ರಲ್ಲಿ, ಅಂದರೆ ಸೂಪಾ ಮುಗಿದು ಒಂಬತ್ತು ವರ್ಷವಾದ ಮೇಲೆ. ಕರ್ನಾಟಕ ಅದಕ್ಕೆ ನಿಯಮ ಮಾಡಿದ್ದು 2006ರಲ್ಲಿ. ದೊಡ್ಡ ಕಟ್ಟಡವೆಂದರೆ ಒಂದಷ್ಟು ಬಲಿ ಸಹಜ ಎಂಬ ನಂಬಿಕೆ ನಮ್ಮದು ಮಾತ್ರ ಆಗಿರಲಿಲ್ಲ. ಅಮೆರಿಕದಲ್ಲಿ 1930ರ ದಶಕದವರೆಗೂ ಹತ್ತು ಲಕ್ಷ ಡಾಲರ್ ಖರ್ಚಿಗೆ ಒಂದು ಸಾವು ಎಂಬ ಅಂದಾಜು ಎಂಜಿನಿಯರುಗಳಲ್ಲಿ ಚಾಲ್ತಿಯಲ್ಲಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ ಆ ಅಂದಾಜನ್ನು ಮುರಿಯಿತು. ಸುಮಾರು ಮೂರೂವರೆ ಕೋಟಿ ಡಾಲರಿನ ಆ ಕೆಲಸದಲ್ಲಿ ರಕ್ಷಣಾ ಟೊಪ್ಪಿಗೆ ಕಡ್ಡಾಯ ಮಾಡಿದರು, ಸೇತುವೆಯ ಕೆಳಗೆ ಬಲೆ ಕಟ್ಟಿದರು. ಆ ಬಲೆಗೆ ಬಿದ್ದು 19 ಜನ ಬದುಕಿದರು. ಸತ್ತವರು 11 ಮಂದಿ, ಅವರಲ್ಲಿ 10 ಮಂದಿ 1937ರ ಫೆಬ್ರುವರಿಯ ಒಂದೇ ದುರಂತದಲ್ಲಿ. ಇಲ್ಲಿ ಗಮನಿಸಬೇಕಾದದ್ದು ಬಲೆಗಿಂತ ಹೆಚ್ಚಾಗಿ ಲೆಕ್ಕವನ್ನು. ಎಷ್ಟು ಜನ ಸಾಯಬಹುದೆಂದು ಮೊದಲೇ ಎಣಿಸಿದ್ದರಿಂದಲೇ ಎಷ್ಟು ಜನ ಉಳಿದರೆಂದು ಹೇಳುವುದು ಸಾಧ್ಯವಾಯಿತು.

ಹಣೆಬರಹದ ನಂತರ ಬಂದದ್ದು ಅಜಾಗರೂಕತೆಯ ಕಾಲ. 4 ಮಾರ್ಚ್ 1966ರಂದು ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾಯಿತು. ಮಾರ್ಚ್ ನಾಲ್ಕು ಸುರಕ್ಷತಾ ದಿನವಾಯಿತು, ಗೇಟಿನ ಬಳಿ ಫಲಕಗಳು ಬಂದವು, ಪ್ರತಿಜ್ಞೆ, ಪ್ರಬಂಧ ಸ್ಪರ್ಧೆ, ಬಹುಮಾನಗಳು ಬಂದವು. ಇವೆಲ್ಲ ವ್ಯರ್ಥವೆಂದು ನಾನು ಹೇಳುವುದಿಲ್ಲ. ಅಪಘಾತವನ್ನು ತಪ್ಪಿಸಬಹುದು ಎಂಬ ಮಾತು ಮೊದಲ ಸಲ ಕಾರ್ಮಿಕರ ಮನೆಗಳನ್ನು ಮುಟ್ಟಿದ್ದು ಹೀಗೆಯೇ. ಆದರೆ ಆ ಫಲಕಗಳೆಲ್ಲ ಮಾತಾಡುತ್ತಿದ್ದುದು ಒಬ್ಬನೊಂದಿಗೆ ಮಾತ್ರ: ನೀನು ಎಚ್ಚರವಾಗಿರು, ನಿನ್ನ ಮನೆಯಲ್ಲಿ ಹೆಂಡತಿ ಮಕ್ಕಳು ಕಾಯುತ್ತಿದ್ದಾರೆ. ಈ ದೃಷ್ಟಿಯ ಬೇರು 1931ರಲ್ಲಿ ಪ್ರಕಟವಾದ ಹೈನ್ರಿಚ್ ಎಂಬ ಅಮೆರಿಕನ್ ವಿಮಾ ಅಧಿಕಾರಿಯ ಗ್ರಂಥದಲ್ಲಿದೆ. ನೂರು ಅಪಘಾತಗಳಲ್ಲಿ 88 ಕೆಲಸಗಾರರ ತಪ್ಪಿನಿಂದ ಆಗುತ್ತವೆ ಎಂದು ಅವನು ಬರೆದ, ಜಗತ್ತಿನ ಕಾರ್ಖಾನೆಗಳೆಲ್ಲ ಅದನ್ನು ವೇದವಾಕ್ಯದಂತೆ ಒಪ್ಪಿಕೊಂಡವು. ಅವನು ನೆಚ್ಚಿದ ಕಡತಗಳಲ್ಲಿ ಬಹುಪಾಲನ್ನು ಬರೆದವರು ಮೇಲ್ವಿಚಾರಕರು ಎಂಬುದನ್ನು ವಿಮರ್ಶಕರು ಎತ್ತಿ ತೋರಿಸಿದ್ದು ಬಹಳ ತಡವಾಗಿ. ಬೇಲಿ ಹಾಕಿಸದ ಮೇಲ್ವಿಚಾರಕ ತನ್ನ ತಪ್ಪನ್ನು ತಾನೇ ವರದಿಯಲ್ಲಿ ಬರೆಯುತ್ತಾನೆಯೆ?

ಈ ಕಾಲದ ಇನ್ನೊಂದು ರೂಢಿಯನ್ನು ನೋವಿನಿಂದಲೇ ಹೇಳಬೇಕು. ಧೂಳಿನಲ್ಲಿ ದುಡಿಯುವವರಿಗೆ ಬೆಲ್ಲ, ಆವಿ ಅನಿಲಗಳಲ್ಲಿ ದುಡಿಯುವವರಿಗೆ ಹಾಲು, ಅಪಾಯದ ವಿಭಾಗದವರಿಗೆ ವಿಶೇಷ ಭತ್ಯೆ ಕೊಡುವ ಪದ್ಧತಿ ನಮ್ಮ ದೇಶದ ಎಷ್ಟೋ ಕಾರ್ಖಾನೆಗಳಲ್ಲಿ ಬೆಳೆಯಿತು. ಬೆಲ್ಲ ತಿಂದರೆ ಶ್ವಾಸಕೋಶದ ಧೂಳು ಹೋಗುವುದಿಲ್ಲ. ಆದರೂ ಮಾಲೀಕರು ಅದನ್ನು ಕೊಟ್ಟರು, ಸಂಘಗಳು ಅದನ್ನೇ ಕೇಳಿದವು. ಅಪಾಯವನ್ನು ತೆಗೆಯಿರಿ ಎಂದು ಕೇಳಬೇಕಾದಲ್ಲಿ ಅಪಾಯಕ್ಕೆ ಇಂತಿಷ್ಟು ಕೊಡಿ ಎಂದು ಚೌಕಾಶಿ ಮಾಡಿದ್ದು ನಮ್ಮ ಕಾರ್ಮಿಕ ಚಳವಳಿಯ ದೊಡ್ಡ ಲೋಪವೆಂದೇ ನನ್ನ ತೀರ್ಮಾನ. ಒಮ್ಮೆ ಭತ್ಯೆ ಸಂಬಳದ ಭಾಗವಾದರೆ, ಅಪಾಯ ಕಡಿಮೆ ಮಾಡುವ ಪ್ರತಿಯೊಂದು ಸುಧಾರಣೆಯೂ ಸಂಬಳ ಕಡಿತದಂತೆ ಕಾಣತೊಡಗುತ್ತದೆ.

ಈ ನೋಟವನ್ನು ಅಲುಗಾಡಿಸಿದ್ದು 1984ರ ಡಿಸೆಂಬರ್ 2 ಮತ್ತು 3ರ ನಡುವಿನ ಭೋಪಾಲದ ರಾತ್ರಿ. ಸಾವಿರಾರು ಜನ ಸತ್ತಾಗ ಅದನ್ನು ಯಾವ ಒಬ್ಬ ಕೆಲಸಗಾರನ ಅಜಾಗರೂಕತೆ ಎಂದೂ ಹೇಳಿ ಮುಗಿಸುವಂತಿರಲಿಲ್ಲ. 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಆದ ತಿದ್ದುಪಡಿ ಶಿಕ್ಷೆಯನ್ನು ಎರಡು ವರ್ಷ ಸಜೆ, ಒಂದು ಲಕ್ಷ ರೂಪಾಯಿ ದಂಡಕ್ಕೆ ಏರಿಸಿತು, ಸಾವು ಸಂಭವಿಸಿದರೆ ದಂಡ 25,000ಕ್ಕಿಂತ ಕಡಿಮೆ ಇರಕೂಡದೆಂದಿತು. ಅದಕ್ಕಿಂತ ಮುಖ್ಯವಾಗಿ, ತಾನು ಮುಟ್ಟುವ ವಸ್ತು ಎಂಥದ್ದೆಂದು ತಿಳಿಯುವ ಹಕ್ಕನ್ನು, ಅಪಾಯ ಸನಿಹವಿದೆ ಎಂದು ಕಂಡಾಗ ಆಡಳಿತದ ಗಮನಕ್ಕೆ ತರುವ ಹಕ್ಕನ್ನು, ಸುರಕ್ಷತಾ ಸಮಿತಿಯಲ್ಲಿ ಸಮಾನವಾಗಿ ಕೂರುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟಿತು. 1995ರಲ್ಲಿ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದುಡಿಯುವವನ ಆರೋಗ್ಯ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆ ಎಂದು ತೀರ್ಪಿತ್ತಿತು. ದೊಡ್ಡ ಕಾರ್ಖಾನೆಗಳ ದಿನಚರಿ ನಿಜಕ್ಕೂ ಬದಲಾಯಿತು. ರಿಪೇರಿಗೆ ಇಳಿಯುವ ಮುನ್ನ ಪರ್ಮಿಟ್ ಬರೆಯುವುದು, ಸ್ವಿಚ್ಚಿಗೆ ಬೀಗ ಹಾಕಿ ಅದರ ಕೀಲಿಯನ್ನು ಯಂತ್ರದೊಳಗೆ ಹೋದವನ ಜೇಬಿನಲ್ಲೇ ಇಡುವುದು, ಕೂದಲೆಳೆಯಲ್ಲಿ ತಪ್ಪಿದ ಅಪಘಾತವನ್ನೂ ದಾಖಲಿಸುವುದು ರೂಢಿಗೆ ಬಂದವು. ಕಾಗದ ಕೈಗಾರಿಕೆಯಲ್ಲಿ ಇನ್ನೂ ಆಳವಾದ ಒಂದು ಬದಲಾವಣೆಯಾಯಿತು. ತಿರುಳನ್ನು ಬಿಳಿ ಮಾಡಲು ಟನ್ನುಗಟ್ಟಲೆ ಕ್ಲೋರಿನ್ ಅನಿಲ ಬಳಸುವುದನ್ನು ನದಿಗಳ ಮಾಲಿನ್ಯದ ಕಾರಣಕ್ಕೆ ಕಡಿಮೆ ಮಾಡಬೇಕೆಂದು 2003ರ ಕೈಗಾರಿಕಾ ಸನ್ನದು ಒತ್ತಾಯಿಸಿತು. ಗಿರಣಿಗಳು ಕ್ಲೋರಿನ್ ಡಯಾಕ್ಸೈಡಿನ ಕಡೆಗೆ ಹೊರಳಿದವು. ಅದೂ ವಿಷವೇ, ಅದಕ್ಕೂ ಎಚ್ಚರ ಬೇಕು. ಆದರೆ ಒತ್ತಡದಲ್ಲಿ ತುಂಬಿಟ್ಟ ಅನಿಲದ ದೊಡ್ಡ ದಾಸ್ತಾನು ಸೋರುವ ಭಯ ಅಷ್ಟರಮಟ್ಟಿಗೆ ಇಳಿಯಿತು. ಅಪಾಯವನ್ನು ಬುಡದಲ್ಲೇ ತೆಗೆಯುವುದು ಮುಖಕ್ಕೆ ಮಾಸ್ಕ್ ಹಂಚುವುದಕ್ಕಿಂತ ಎಷ್ಟೋ ಮೇಲು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಇದೊಂದು ಪ್ರಗತಿಯ ಕಥೆಯಾಗುತ್ತಿತ್ತು. ಆದರೆ ಈ ಪ್ರಗತಿಯೆಲ್ಲ ಗೇಟಿನ ಒಳಗೆ ನಿಂತಿತು, ಒಳಗೂ ಮುಖ್ಯವಾಗಿ ಕಾಯಂ ಹುದ್ದೆಯವನ ಬಳಿ ನಿಂತಿತು. ಕಾಗದದ ಗಿರಣಿ ಶುರುವಾದಾಗ ಅದರ ಕಚ್ಚಾವಸ್ತು ಬಿದಿರು. ಅದನ್ನು ಬೇಯಿಸುವ ಡೈಜೆಸ್ಟರಿನ ಬಳಿ ನಿಂತವನಿಗೆ ಕಾರ್ಖಾನೆಗಳ ಕಾಯ್ದೆ ಇತ್ತು, ಇಎಸ್‌ಐ ವಿಮೆ ಇತ್ತು, ಸಂಘವಿತ್ತು. ಅದೇ ಬಿದಿರನ್ನು ಕಾಡಿನ ಮೆಳೆಯಲ್ಲಿ ಕಡಿದವನಿಗೆ ಇದ್ದವನು ಒಬ್ಬ ಗುತ್ತಿಗೆದಾರ. ಮುಳ್ಳಿಗೆ ಕಣ್ಣು ಹೋದರೂ, ಹಾವು ಕಡಿದರೂ, ಲಾರಿಯ ಮೇಲಿನ ಹೊರೆ ಜಾರಿ ಬೆನ್ನು ಮುರಿದರೂ ಅದು ಗಿರಣಿಯ ಅಪಘಾತವಲ್ಲ, ಯಾರ ಅಪಘಾತವೂ ಅಲ್ಲ. ಅಂದರೆ ಎರಡು ಬಗೆಯ ದುಡಿಮೆಯ ನಡುವಿನ ಗೆರೆ ಮೊದಲ ದಿನವೇ ಬಿದ್ದಿತ್ತು. 1976ರ ತಿದ್ದುಪಡಿ ಗುತ್ತಿಗೆದಾರನ ಮೂಲಕ ಬಂದವನೂ ಕಾರ್ಖಾನೆಯ ಕಾರ್ಮಿಕನೇ ಎಂದು ಸ್ಪಷ್ಟಪಡಿಸಿತು. ಕಾನೂನಿನಲ್ಲಿ ಅಳಿಸಿದ ಗೆರೆ ನಡವಳಿಕೆಯಲ್ಲಿ ಉಳಿಯಿತು. ದೇಶದ ಯಾವ ಕೈಗಾರಿಕಾ ಊರಿಗೆ ಹೋದರೂ ತೊಟ್ಟಿ ತೊಳೆಯುವ, ಚಿಮಣಿ ಹತ್ತುವ, ವಾರ್ಷಿಕ ಶಟ್‌ಡೌನಿನಲ್ಲಿ ಬಾಯ್ಲರಿನೊಳಗೆ ಇಳಿಯುವ ಅತ್ಯಂತ ಅಪಾಯದ ಕೆಲಸ ಹೆಚ್ಚಾಗಿ ಗುತ್ತಿಗೆಯವರ ಪಾಲಿಗೇ ಬರುತ್ತದೆ. ಅಪಾಯವಿದೆ ಎಂದು ಹೇಳುವ ಹಕ್ಕು ಅವನಿಗೂ ಇದೆ. ಆದರೆ ಹೇಳಿದರೆ ನಾಳೆಯ ಪಾಳಿಗೆ ಅವನನ್ನು ಕರೆಯದಿದ್ದರೆ ಕೇಳುವವರಿಲ್ಲ.

ಎಣಿಕೆಗೂ ನಿಯಮದ ಗೌರವಕ್ಕೂ ಇರುವ ಸಂಬಂಧವನ್ನು ತೋರಿಸಲು ಕಾಳಿ ನದಿಯ ಕೆಳಭಾಗಕ್ಕೆ, ಕಾರವಾರ ತಾಲ್ಲೂಕಿನ ಕೈಗಾಕ್ಕೆ ಹೋಗೋಣ. ಅಣುಸ್ಥಾವರ ಬೇಕೆ ಬೇಡವೇ ಎಂಬ ಚರ್ಚೆ ಇಲ್ಲಿ ನನ್ನದಲ್ಲ. 13 ಮೇ 1994ರಂದು ಅಲ್ಲಿ ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಪದರದ ಕಾಂಕ್ರೀಟ್ ಕಳಚಿ ಬಿದ್ದು ಕಾರ್ಮಿಕರು ಗಾಯಗೊಂಡರು. ತನಿಖೆ ನಡೆದು ಗುಮ್ಮಟದ ವಿನ್ಯಾಸವೇ ಬದಲಾಯಿತು. 2009ರ ನವೆಂಬರಿನಲ್ಲಿ ಸ್ಥಾವರದೊಳಗಿನ ಒಂದು ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಬೆರೆತ ಭಾರಜಲ ಸೇರಿಸಿದ್ದರು. 50ಕ್ಕೂ ಹೆಚ್ಚು ಕೆಲಸಗಾರರ ದೇಹದಲ್ಲಿ ಟ್ರಿಟಿಯಂ ಪತ್ತೆಯಾಯಿತು. ಪತ್ತೆಯಾದದ್ದು ಹೇಗೆ? ಅಲ್ಲಿ ಕೆಲಸಗಾರರ ಮೂತ್ರವನ್ನು ನಿಯಮದ ಪ್ರಕಾರ ಆಗಾಗ ಪರೀಕ್ಷಿಸುತ್ತಾರೆ. ಆ ಪರೀಕ್ಷೆ ಇರದಿದ್ದರೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲದ ಆ ವಸ್ತುವನ್ನು ಕುಡಿದವರಿಗೂ ತಿಳಿಯುತ್ತಿರಲಿಲ್ಲ, ಕುಡಿಸಿದವನನ್ನು ಹುಡುಕುವ ಪ್ರಶ್ನೆಯೂ ಏಳುತ್ತಿರಲಿಲ್ಲ. ಅಳೆಯುವ ಏರ್ಪಾಡು ಇದ್ದಲ್ಲಿ ಹಾನಿ ಕಣ್ಣಿಗೆ ಬೀಳುತ್ತದೆ, ಕಣ್ಣಿಗೆ ಬಿದ್ದ ಹಾನಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಈಗ ಅದೇ ನದಿಯ ಮೇಲ್ಭಾಗಕ್ಕೆ, ಜೋಯಿಡಾದ ಮ್ಯಾಂಗನೀಸ್ ಗಣಿಗಳಿಗೆ ಬರೋಣ. ಮ್ಯಾಂಗನೀಸಿನ ಧೂಳು ಬಹುಕಾಲ ಮೂಗಿನಲ್ಲಿ ಹೋದರೆ ಮಿದುಳಿಗೆ ಪೆಟ್ಟು ಬೀಳುತ್ತದೆ, ನಡಿಗೆ ತೊಡರುತ್ತದೆ, ಮುಖದ ಭಾವ ಸತ್ತುಹೋಗುತ್ತದೆ, ಮಾತು ತೊದಲುತ್ತದೆ, ಮನಸ್ಸು ಕೆರಳುತ್ತದೆ. ಈ ವಿಷಬಾಧೆಯ ಬಗ್ಗೆ ಸ್ಕಾಟ್ಲೆಂಡಿನ ವೈದ್ಯ ಕೂಪರ್ 1837ರಷ್ಟು ಹಿಂದೆಯೇ ಬರೆದಿದ್ದ. ನಮ್ಮ ಕಾರ್ಖಾನೆಗಳ ಕಾಯ್ದೆಯ ಅನುಸೂಚಿಯಲ್ಲಿ ಮ್ಯಾಂಗನೀಸ್ ವಿಷಬಾಧೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಗಿತ್ತು, 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೂ ಅದಕ್ಕೆ ಜಾಗವಿತ್ತು. ಗಣಿ ಕಾರ್ಮಿಕರಿಗೆ ಐದು ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯೂ ಆಗಬೇಕಿತ್ತು. ಆದರೆ ಗಣಿ ಮುಚ್ಚಿದ ಮೇಲೆ? ಕಾಡಿನೊಳಗಿನ ಗಣಿಗಾರಿಕೆಗೆ, ಗೋದಾವರ್ಮನ್ ಎಂಬ ಅರಣ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ಆದೇಶಗಳ ನಂತರ ಕಡಿವಾಣ ಬಿತ್ತು. ಕಾಡಿಗೆ ಅದು ಒಳ್ಳೆಯದೇ ಆಯಿತು. ಕಾರ್ಮಿಕರು ಮಾತ್ರ ಚದುರಿಹೋದರು. ಅಪಘಾತ ಅದೇ ಕ್ಷಣದಲ್ಲಿ ರಕ್ತ ಸುರಿಸುತ್ತದೆ, ಅದಕ್ಕೆ ಸಾಕ್ಷಿಗಳಿರುತ್ತಾರೆ. ಔದ್ಯೋಗಿಕ ರೋಗ ಹತ್ತು ಇಪ್ಪತ್ತು ವರ್ಷಗಳಾದ ಮೇಲೆ, ಗಣಿಯ ಹಾಜರಿ ಪುಸ್ತಕ ಗೆದ್ದಲು ತಿಂದ ಮೇಲೆ, ಬೇರೆ ಊರಿನ ಜಗುಲಿಯ ಮೇಲೆ ಕಾಣಿಸಿಕೊಳ್ಳುತ್ತದೆ. ಆಗ ಅದು ವಾಯು, ಮುಪ್ಪು, ಕುಡಿತದ ಫಲ, ದೆವ್ವದ ಕಾಟ ಎಂಬ ಹೆಸರುಗಳಲ್ಲಿ ಕರಗಿಹೋಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ ಜಗತ್ತಿನಲ್ಲಿ ದುಡಿಮೆಯಿಂದಾಗಿ ವರ್ಷಕ್ಕೆ ಸುಮಾರು 29 ಲಕ್ಷ ಜನ ಸಾಯುತ್ತಾರೆ. ಅವರಲ್ಲಿ ಅಪಘಾತದಿಂದ ಸಾಯುವವರು 3.3 ಲಕ್ಷ, ಉಳಿದವರೆಲ್ಲ ರೋಗದಿಂದ. ನಮ್ಮ ದೇಶದ ನೋಂದಾಯಿತ ಕಾರ್ಖಾನೆಗಳಲ್ಲಿ 2017ರಿಂದ 2020ರವರೆಗೆ ವರ್ಷಕ್ಕೆ ಸರಾಸರಿ ಸುಮಾರು 1,100 ಜನ ಅಪಘಾತಗಳಲ್ಲಿ ಸತ್ತ ಲೆಕ್ಕವಿದೆ. ಅದೇ ಕಾರ್ಖಾನೆಗಳ ರೋಗದ ಲೆಕ್ಕ ಎಷ್ಟು ತೆಳುವಾಗಿದೆಯೆಂದರೆ ಅದನ್ನು ಆಧಾರವಾಗಿಟ್ಟುಕೊಂಡು ಏನನ್ನೂ ಹೇಳಲಾಗದು.

ಮುಂಡಗೋಡ ಮತ್ತು ಹಳಿಯಾಳದ ಹೊಲಗಳ ಸ್ಥಿತಿ ಇದಕ್ಕಿಂತ ಕಠಿಣ. ಮೆಕ್ಕೆಜೋಳಕ್ಕೆ, ಹತ್ತಿಗೆ, ಭತ್ತಕ್ಕೆ ಔಷಧ ಹೊಡೆಯುವ ಕೂಲಿಯಾಳು ಬರಿಗಾಲಲ್ಲಿ, ಬಾಯಿಗೆ ಟವೆಲು ಸುತ್ತಿ, ಸೋರುವ ಪಂಪನ್ನು ಬೆನ್ನಿಗೇರಿಸಿಕೊಂಡು ನಡೆಯುತ್ತಾನೆ. 1958ರಲ್ಲಿ ಕೇರಳದಲ್ಲಿ ಕೀಟನಾಶಕ ಬೆರೆತ ಗೋಧಿಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತ ನಂತರ 1968ರ ಕೀಟನಾಶಕ ಕಾಯ್ದೆ ಬಂತು. ಅದರ 1971ರ ನಿಯಮಗಳು ಸಿಂಪಡಣೆಯ ಕೆಲಸದವರಿಗೂ ರಕ್ಷಣಾ ಉಡುಪು ಮತ್ತು ವೈದ್ಯಕೀಯ ತಪಾಸಣೆ ಇರಬೇಕೆನ್ನುತ್ತವೆ. ಅರ್ಧ ಶತಮಾನ ಕಳೆದಿದೆ. ದಿನಗೂಲಿಗೆ ಔಷಧ ಹೊಡೆಯುವವನ ರಕ್ತವನ್ನು ಯಾರೂ ಪರೀಕ್ಷಿಸುವುದಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆದ 20ಕ್ಕೂ ಹೆಚ್ಚು ಜನ ಸತ್ತು ನೂರಾರು ಜನ ಆಸ್ಪತ್ರೆ ಸೇರಿದಾಗಲಷ್ಟೇ ದೇಶ ಕೆಲ ದಿನ ಈ ಬಗ್ಗೆ ಮಾತಾಡಿತು. ಹಳಿಯಾಳದ ಸಕ್ಕರೆ ಹಂಗಾಮಿಗೆ ಹೊರ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಬರುವ ಕಬ್ಬು ಕಡಿಯುವ ಗ್ಯಾಂಗುಗಳದ್ದೂ ಇದೇ ಕಥೆ. ಕಾರ್ಖಾನೆಯ ಬಾಯ್ಲರಿಗೆ ಪ್ರತ್ಯೇಕ ಕಾಯ್ದೆ, ಪ್ರತ್ಯೇಕ ತಪಾಸಣೆ, ಪ್ರತ್ಯೇಕ ಪ್ರಮಾಣಪತ್ರವಿದೆ. ಆ ಬಾಯ್ಲರು ಉರಿಯಲು ಕಾರಣವಾದ ಕಬ್ಬನ್ನು ಕತ್ತಲಲ್ಲಿ ಕಡಿದು, ಮಿತಿ ಮೀರಿ ತುಂಬಿದ ಟ್ರೇಲರಿನ ಮೇಲೆ ಕುಳಿತು ಬರುವ ಹೆಂಗಸಿಗೆ ಏನಿದೆ? ಗ್ಯಾಂಗನ್ನು ಕರೆತರುವ ಮುಕಾದಮನ ಮುಂಗಡವಿದೆ, ಟನ್ನಿಗೆ ಇಂತಿಷ್ಟು ಎಂಬ ಕೂಲಿ ಇದೆ.

ಕಾಡಿನ ವಿಷಯದಲ್ಲೂ ಒಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಕಂಡ ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಸಿದ್ಧಾಪುರದಲ್ಲಿ, ರಾಜ್ಯದ ಗಡಿಯಾಚೆ ಗೋವಾದ ಸತ್ತರಿಯಲ್ಲಿ ಮತ್ತೆ ಮತ್ತೆ ಜೀವ ತೆಗೆದಿದೆ. ತರಗೆಲೆ ಗುಡಿಸುವವರು, ಗೇರು ತೋಟದ ಆಳುಗಳು, ಅರಣ್ಯ ಇಲಾಖೆಯ ವಾಚರುಗಳು ಇದನ್ನು ಹರಡುವ ಉಣ್ಣೆಯಿಂದ ಕಚ್ಚಿಸಿಕೊಳ್ಳುವುದು ದುಡಿಯುವಾಗಲೇ. ಆದರೂ ನಾವದನ್ನು ಕಾಡಿನ ಕಾಯಿಲೆ ಎನ್ನುತ್ತೇವೆ, ದುಡಿಮೆಯ ಕಾಯಿಲೆ ಎನ್ನುವುದಿಲ್ಲ. ಹಾಗಾಗಿ ಮೈಗೆ ಹಚ್ಚುವ ಎಣ್ಣೆ ಕೊಡುವುದು ಆರೋಗ್ಯ ಇಲಾಖೆಯ ಉಪಕಾರವಾಗಿದೆ, ಕೆಲಸಕ್ಕೆ ಕಳಿಸುವವನ ಕರ್ತವ್ಯವಾಗಿಲ್ಲ.

ಇಷ್ಟು ಹೇಳಿದಾಗ ಬರುವ ಆಕ್ಷೇಪಗಳನ್ನು ನಾನು ಬಲ್ಲೆ, ಅವು ಹಗುರವಾದವೂ ಅಲ್ಲ. ನಿಯಮಗಳು ಅತಿಯಾದವು, ಅನುಭವಸ್ಥನಿಗೆ ಸಾಮಾನ್ಯ ತಿಳಿವಳಿಕೆ ಸಾಲದೆ ಎನ್ನುವವರಿದ್ದಾರೆ. ಅನುಭವಕ್ಕೆ ನಾನು ತಲೆಬಾಗುತ್ತೇನೆ. ಆದರೆ ತಿರುಳಿನ ಗಿರಣಿಯ ತೊಟ್ಟಿಗಳಲ್ಲಿ, ಚರಂಡಿ ಗುಂಡಿಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ನೋಡಿ. ಅತಿ ಕಡಿಮೆ ಇದ್ದಾಗ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗದಷ್ಟಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತು, ಇನ್ನು ಇಳಿಯಬಹುದು ಎಂದು ಹೇಳುವ ಸಾಮಾನ್ಯ ತಿಳಿವಳಿಕೆಯೇ ಅಲ್ಲಿ ಸಾವಿಗೆ ದಾರಿ. ಕೆಳಗೆ ಬಿದ್ದವನನ್ನು ಎತ್ತಲು ಧಾವಿಸಿ ಇಳಿದವನೂ ಸಾಯುತ್ತಾನೆ, ಅವನ ಹಿಂದೆ ಇಳಿದವನೂ. ನಮ್ಮ ಪತ್ರಿಕೆಗಳಲ್ಲಿ ಮ್ಯಾನ್‌ಹೋಲ್ ಸಾವುಗಳು ಎರಡು ಮೂರರ ಲೆಕ್ಕದಲ್ಲಿ ವರದಿಯಾಗುವುದು ಇದಕ್ಕೇ. ಅನುಭವಸ್ಥರು ಸತ್ತ ಮೇಲೆ ಕಲಿತ ಪಾಠವನ್ನು ಬದುಕಿರುವವರಿಗಾಗಿ ಬರೆದಿಟ್ಟದ್ದೇ ಆ ನಿಯಮ.

ಕೊಟ್ಟರೂ ಅವರೇ ಹಾಕಿಕೊಳ್ಳುವುದಿಲ್ಲ ಎಂಬುದು ಎಲ್ಲೆಡೆ ಕೇಳುವ ಮಾತು. ಇದರಲ್ಲಿ ಸತ್ಯವಿದೆ. ಆದರೆ ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಕೇಳದೆ ಈ ಮಾತನ್ನು ಮುಗಿಸಬಾರದು. ಅಕ್ಟೋಬರದ ಬಿಸಿಲಿನಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಅಂಗಿ ತೊಟ್ಟು ಪಂಪು ಹೊರುವುದು ಸಾಧ್ಯವಿಲ್ಲದ ಮಾತು. ಟನ್ನಿನ ಲೆಕ್ಕದಲ್ಲಿ ಕೂಲಿ ಕೊಟ್ಟು, ಕೈಗವಸು ಹಾಕಿ ನಿಧಾನವಾಗಿ ಕಡಿ ಎಂದರೆ ಅರ್ಧ ಕೂಲಿ ಬಿಡು ಎಂದಂತೆ. ಕೂಲಿಯ ಪದ್ಧತಿ ಒಂದು ಹೇಳಿ ನಿಯಮ ಇನ್ನೊಂದು ಹೇಳಿದಾಗ ಹಸಿದವನು ಕೂಲಿಯ ಮಾತನ್ನೇ ಕೇಳುತ್ತಾನೆ. ಗಣೇಶಗುಡಿಯ ನದಿಯಲ್ಲಿ ರಾಫ್ಟ್ ನಡೆಸುವ ಹುಡುಗರು ಹೆಲ್ಮೆಟ್ಟನ್ನೂ ಲೈಫ್ ಜಾಕೆಟ್ಟನ್ನೂ ಧರಿಸುವುದು ರೂಢಿಯಾಗಿದೆ. ಅವರೂ ಇದೇ ನೆಲದವರು. ಆ ಕೆಲಸಕ್ಕೆ ಒಪ್ಪುವ ಸಲಕರಣೆ ಅಲ್ಲಿದೆ, ಧರಿಸದಿದ್ದರೆ ವ್ಯವಹಾರವೇ ನಿಲ್ಲುತ್ತದೆ. ಜನರ ಸ್ವಭಾವದಲ್ಲಿ ದೋಷವಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಖರ್ಚಿನ ಆಕ್ಷೇಪ ಹೆಚ್ಚು ಗಂಭೀರ. ನಿಯಮ ಬಿಗಿಯಾದರೆ ಕಾರ್ಖಾನೆ ಬೇರೆ ರಾಜ್ಯಕ್ಕೆ ಹೋಗುತ್ತದೆ, ಕೆಲಸವಿಲ್ಲದ ಸುರಕ್ಷತೆ ಯಾರಿಗೆ ಬೇಕು ಎಂಬ ಅಳುಕು, ಹಲವು ಉದ್ದಿಮೆಗಳು ಬಾಗಿಲು ಮುಚ್ಚಿದ್ದನ್ನು ಕಂಡ ದಾಂಡೇಲಿಯಂಥ ಊರಿಗೆ ಸಹಜ. ಬ್ರಿಟನ್ನಿನ ಅನುಭವ ಇಲ್ಲಿ ನೆರವಿಗೆ ಬರುತ್ತದೆ. ಅಲ್ಲಿ 1974ರಲ್ಲಿ ಸಮಗ್ರ ಸುರಕ್ಷತಾ ಕಾನೂನು ಬಂದಾಗ ವರ್ಷಕ್ಕೆ 651 ಜನ ದುಡಿಯುವಾಗ ಸಾಯುತ್ತಿದ್ದರು. ಈಚಿನ ವರ್ಷಗಳಲ್ಲಿ ಆ ಸಂಖ್ಯೆ 150ಕ್ಕೂ ಕೆಳಗೆ ಇಳಿದಿದೆ. ಗಣಿ, ಹಡಗುಕಟ್ಟೆಗಳು ಮುಚ್ಚಿದ್ದೂ ಈ ಇಳಿಕೆಗೆ ಒಂದು ಕಾರಣ ಎಂಬುದನ್ನು ಒಪ್ಪಬೇಕು. ಆದರೆ ಸುರಕ್ಷತೆಗೆ ಖರ್ಚು ಮಾಡಿ ಆ ದೇಶ ಬಡವಾಗಲಿಲ್ಲ. ನಮ್ಮಲ್ಲೂ ಖರ್ಚು ಆಗಿಯೇ ಆಗುತ್ತದೆ. ಮಾಲೀಕ ಭರಿಸದಿದ್ದರೆ ಅದನ್ನು ಕೈ ಕಳೆದುಕೊಂಡವನ ಹೆಂಡತಿ ಭರಿಸುತ್ತಾಳೆ, ಶಾಲೆ ಬಿಟ್ಟ ಅವನ ಮಗಳು ಭರಿಸುತ್ತಾಳೆ. ಲೆಕ್ಕದ ಪುಸ್ತಕದಲ್ಲಿ ಅದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಇನ್ಸ್‌ಪೆಕ್ಟರುಗಳ ಕಾಟ. ಕಿರುಕುಳವೂ ಲಂಚವೂ ಇದ್ದವು, ಇಲ್ಲವೆನ್ನಲಾರೆ. ಅದಕ್ಕೆ ಪರಿಹಾರ ತಪಾಸಣೆಯನ್ನು ಪಾರದರ್ಶಕ ಮಾಡುವುದೇ ಹೊರತು ತೆಳು ಮಾಡುವುದಲ್ಲ. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ 21 ನವೆಂಬರ್ 2025ರಂದು ಜಾರಿಗೆ ಬಂತು. ಅದರಲ್ಲಿ ಸ್ವಾಗತಿಸಬೇಕಾದದ್ದು ಇದೆ: ಉಚಿತ ವಾರ್ಷಿಕ ಆರೋಗ್ಯ ತಪಾಸಣೆ, ನಿಯಮ ಮೀರಿ ಸಾವು ಸಂಭವಿಸಿದರೆ ಕನಿಷ್ಠ ಐದು ಲಕ್ಷ ರೂಪಾಯಿಗೆ ಏರಿದ ದಂಡ, ಆ ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಸತ್ತವನ ಕುಟುಂಬಕ್ಕೆ ಕೊಡಿಸುವ ಅಧಿಕಾರ. ಅದೇ ಸಂಹಿತೆ ವಿದ್ಯುತ್ ಬಳಸುವ ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಕೆಲಸಗಾರರ ಸಂಖ್ಯೆಯನ್ನು 10ರಿಂದ 20ಕ್ಕೆ ಏರಿಸಿದೆ. ಹಳಿಯಾಳ, ದಾಂಡೇಲಿಗಳ ಸಣ್ಣ ಗರಗಸದ ಮಿಲ್ಲುಗಳಂಥ ಕಡೆ ಬೆರಳು ಹೋಗುವುದು ಹೆಚ್ಚು, ಕೆಲಸಗಾರರ ಸಂಖ್ಯೆ ಕಡಿಮೆ. ಈ ಏರಿಕೆಯ ಪೆಟ್ಟು ಬೀಳುವುದು ಅಲ್ಲಿಯೇ. ಕರ್ನಾಟಕ 2023ರಲ್ಲಿ ದಿನದ ಪಾಳಿಯನ್ನು 12 ಗಂಟೆಯವರೆಗೆ ಹಿಗ್ಗಿಸಲು ಅವಕಾಶ ಕೊಟ್ಟದ್ದನ್ನೂ ಇದರ ಜೊತೆಗಿಟ್ಟು ನೋಡಬೇಕು. ದಣಿದ ಕೈ ತಪ್ಪು ಮಾಡುತ್ತದೆ. ಆ ತಪ್ಪನ್ನು ಮತ್ತೆ ಅಜಾಗರೂಕತೆ ಎಂದು ಬರೆದರೆ ನಾವು 1931ರ ಪುಸ್ತಕಕ್ಕೇ ಮರಳಿದಂತೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಎಣಿಕೆಯಿಂದ ಶುರು ಮಾಡಬೇಕು. 1700ರಲ್ಲಿ ಇಟಲಿಯ ವೈದ್ಯ ರಾಮಾತ್ಸಿನಿ ಕಸುಬುದಾರರ ರೋಗಗಳ ಬಗ್ಗೆ ಬರೆದ ಗ್ರಂಥದಲ್ಲಿ ತನ್ನ ವೃತ್ತಿಬಾಂಧವರಿಗೆ ಒಂದು ಕೆಲಸ ಹೇಳಿದ್ದ: ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ ನಿನ್ನ ಕಸುಬೇನು ಎಂಬುದನ್ನೂ ಸೇರಿಸಿಕೊಳ್ಳಿ. ದಾಂಡೇಲಿಯಲ್ಲಿ ಇಎಸ್‌ಐ ಆಸ್ಪತ್ರೆ ಇದೆ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಆ ಎಲ್ಲ ವೈದ್ಯರಲ್ಲಿ, ದಾದಿಯರಲ್ಲಿ, ಚೀಟಿ ಬರೆಯುವ ಗುಮಾಸ್ತರಲ್ಲಿ ನನ್ನ ವಿನಂತಿ ಇದು. ಕೈ ಕತ್ತರಿಸಿಕೊಂಡು ಬಂದವನ, ಉಸಿರು ಕಟ್ಟಿ ಬಂದವನ, ಔಷಧ ಹೊಡೆದು ವಾಂತಿ ಮಾಡುತ್ತ ಬಂದವಳ ಚೀಟಿಯಲ್ಲಿ ಹೆಸರು, ವಯಸ್ಸಿನ ಪಕ್ಕ ಅವರು ಮಾಡುವ ಕೆಲಸವನ್ನೂ, ಮಾಡಿಸುವವರು ಯಾರೆಂಬುದನ್ನೂ ಬರೆಯಿರಿ. ಗ್ರಾಮ ಪಂಚಾಯಿತಿಗಳ ಸದಸ್ಯರು ವರ್ಷಕ್ಕೊಮ್ಮೆಯಾದರೂ ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಸಲಿ. ಕಾರ್ಮಿಕ ಸಂಘಗಳು ಮುಂದಿನ ಒಪ್ಪಂದದ ಬೇಡಿಕೆ ಪಟ್ಟಿಯಲ್ಲಿ ಭತ್ಯೆಗಿಂತ ಮೊದಲು ಗುತ್ತಿಗೆಯವನ ಹೆಸರನ್ನು ಬರೆಯಲಿ, ಅಪಾಯ ಕಂಡಾಗ ಕೆಲಸ ನಿಲ್ಲಿಸಿದ್ದಕ್ಕೆ ಯಾರ ಕೂಲಿಯೂ ಹೋಗಬಾರದೆಂದು ಷರತ್ತು ಹಾಕಲಿ. ಇದಕ್ಕೆ ಬೇಕಾದ ಕಾಗದ ನಮ್ಮ ಊರಿನಲ್ಲೇ ತಯಾರಾಗುತ್ತದೆ, ಬರೆಯುವವರು ಈ ಸಭೆಯಲ್ಲೇ ಇದ್ದೀರಿ. ನಾಳೆಯಿಂದಲೇ ಬರೆಯತೊಡಗಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.